ಘಾಟಿ ಹತ್ತುವ ಬೈಕಿಗೆ ಸ್ಕೂಟರ್ ಆಯಿಲ್ ತುಂಬಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಅಧಿಕೃತ ಬೈಕ್ ಸರ್ವಿಸ್ ಕೇಂದ್ರ, ಚಿಕ್ಕಮಗಳೂರು

ವಿಷಯ: ಎಂಜಿನ್ನಿಗೆ ತಪ್ಪು ಆಯಿಲ್ ತುಂಬಿದ್ದು ಮತ್ತು ಕೌಂಟರಿನಲ್ಲಿ ನನ್ನನ್ನು ಅವಮಾನಿಸಿದ್ದು

ಮಾನ್ಯರೇ,

ಫೋನ್ ಮಾಡಿದಾಗಲೆಲ್ಲ "ಮ್ಯಾನೇಜರ್ ಹೊರಗೆ ಹೋಗಿದ್ದಾರೆ, ಅವರೇ ಕಾಲ್ ಮಾಡ್ತಾರೆ" ಎಂಬ ಒಂದೇ ಉತ್ತರ ಸಿಕ್ಕಿದ್ದರಿಂದ ಈ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ.

ನನ್ನ 350 ಸಿಸಿ ಬೈಕಿನ ಎಂಜಿನ್ ಗಾಳಿಯಿಂದ ತಣಿಯುವಂಥದ್ದು. ಅದಕ್ಕೆ 15ಡಬ್ಲ್ಯು-50 ದರ್ಜೆಯ (ಇದು ಆಯಿಲಿನ ದಪ್ಪದ ಅಳತೆ), ಜಾಸೋ ಎಂಎ2 ಗುರುತಿನ (ಕ್ಲಚ್ ಆಯಿಲಿನಲ್ಲೇ ಮುಳುಗಿರುವ ಬೈಕುಗಳಿಗೆಂದಿರುವ ಜಪಾನಿ ಮಾನದಂಡ) ಆಯಿಲನ್ನೇ ಹಾಕಬೇಕೆಂದು ಕೈಪಿಡಿಯಲ್ಲಿ ಅಚ್ಚಾಗಿದೆ. ಕಳೆದ ಸರ್ವಿಸ್‌ನ ಬಿಲ್ಲಿನಲ್ಲಿರುವುದು 10ಡಬ್ಲ್ಯು-30, ಎಂಬಿ. ಅದು ಸ್ಕೂಟರಿನ ಆಯಿಲ್ ಎಂಬುದು ನಿಮಗೆ ನಾನು ಹೇಳಿಕೊಡಬೇಕಾದ ವಿಷಯವಲ್ಲ.

ಅಲ್ಲಿಂದೀಚೆಗೆ ಕೈಮರ ದಾಟಿ ಮುಳ್ಳಯ್ಯನಗಿರಿಯ ಏರಿನಲ್ಲಿ ಎರಡನೇ ಗೇರಿಗೆ ಇಳಿಸಿದರೆ ಎಂಜಿನ್ ಅರಚುತ್ತದೆಯೇ ಹೊರತು ಗಾಡಿ ಮುಂದಕ್ಕೆ ಎಳೆಯುವುದಿಲ್ಲ. ಎಂಜಿನ್ ಓಡುತ್ತಿರುವಂತೆಯೇ ಗಾಡಿ ನಿಲ್ಲಿಸಿದಾಗ ವಾಲ್ವುಗಳನ್ನು ಒತ್ತುವ ಟ್ಯಾಪೆಟ್ಟಿನ ಕಟಕಟ ಸದ್ದು ಕೇಳುತ್ತದೆ, ನ್ಯೂಟ್ರಲ್ ಬೀಳುವುದಿಲ್ಲ. ರೇಡಿಯೇಟರ್ ಇಲ್ಲದ ಎಂಜಿನ್ನಿನಲ್ಲಿ ಫಿನ್‌ಗಳಿಗೆ (ಎಂಜಿನ್ನಿನ ಹೊರಗಿನ ಲೋಹದ ಪಟ್ಟಿಗಳಿಗೆ) ಬೀಸುವ ಗಾಳಿ ತಣಿಸುವುದು ಹೊರಮೈಯನ್ನು; ಪಿಸ್ಟನ್ನಿನ ಅಡಿಯ, ಬೇರಿಂಗಿನ ಬಿಸಿಯನ್ನು ಹೊತ್ತು ತರಬೇಕಾದದ್ದು ಆಯಿಲ್. ಏರಿನಲ್ಲಿ ವೇಗ ಕಡಿಮೆ, ಗಾಳಿ ಕಡಿಮೆ, ಭಾರ ಹೆಚ್ಚು. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 50ರ ದರ್ಜೆಯ ಆಯಿಲಿನ ಸ್ನಿಗ್ಧತೆ, ಅಂದರೆ ದಪ್ಪ, ಕನಿಷ್ಠ 16.3 ಸೆಂಟಿಸ್ಟೋಕ್ ಇರಬೇಕು. 30ರ ದರ್ಜೆಯದು 12.5ನ್ನು ಮುಟ್ಟುವುದಿಲ್ಲ, ಅಂದರೆ ಬಿಸಿಯಲ್ಲಿ ಅದು ಬೇಕಾದದ್ದಕ್ಕಿಂತ ತೆಳುವಾಗಿರುತ್ತದೆ. ಸಾಲದೆಂಬಂತೆ ಈ ಬೈಕಿನಲ್ಲಿ ಕ್ಲಚ್ ಪ್ಲೇಟುಗಳು ಅದೇ ಆಯಿಲಿನಲ್ಲಿ ಮುಳುಗಿರುತ್ತವೆ. ಘರ್ಷಣೆ ತಗ್ಗಿಸುವ ಎಂಬಿ ಆಯಿಲ್ ಅವುಗಳ ಹಿಡಿತವನ್ನು ಬಿಡಿಸುತ್ತದೆ, ಜಾರುವ ಪ್ಲೇಟುಗಳು ಆಯಿಲನ್ನು ಇನ್ನಷ್ಟು ಕಾಯಿಸುತ್ತವೆ.

ಇದನ್ನೇ ಹೇಳಲು ಬಂದಾಗ ನಿಮ್ಮ ಸರ್ವಿಸ್ ಅಡ್ವೈಸರ್ ಮೊಬೈಲಿನಿಂದ ತಲೆ ಎತ್ತದೆ, "ಏರ್ ಕೂಲ್ಡ್ ಅಲ್ವಾ ಅಂಕಲ್, ಬಿಸಿ ಆಗ್ದೇ ಇರುತ್ತಾ?" ಎಂದರು. ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವನು ನಾನು. ಎಚ್‌ಪಿಟಿ-32 ತರಬೇತಿ ವಿಮಾನದ ಲೈಕಮಿಂಗ್ ಎಂಜಿನ್ ಕೂಡ ಗಾಳಿಯಿಂದಲೇ ತಣಿಯುತ್ತಿತ್ತು, ಅದರ ಆಯಿಲ್ 118 ಡಿಗ್ರಿ ಸೆಲ್ಸಿಯಸ್ ಮೀರುವಂತಿರಲಿಲ್ಲ, ಬಿಸಿಯಾಗುವುದಕ್ಕೂ ಒಂದು ಮಿತಿ ಇರುತ್ತದೆ ಎಂದು ಸಮಾಧಾನದಿಂದಲೇ ತಿಳಿಸಿದೆ. ಆತ ಎದ್ದು ಬಂದು, ಡಿಪ್‌ಸ್ಟಿಕ್ ಎಳೆದು, ಅದರ ಕಪ್ಪು ಆಯಿಲನ್ನು ಎರಡು ಬೆರಳಲ್ಲಿ ತಿಕ್ಕಿ, "ಆಯಿಲ್ ಆಯಿಲೇ" ಎಂದು, ನಾನು ತೆರೆದು ಹಿಡಿದಿದ್ದ ಕೈಪಿಡಿಯ ಪುಟಕ್ಕೇ ಬೆರಳು ಒರೆಸಿದರು. ಆಮೇಲೆ ಕುರ್ಚಿಗಳಲ್ಲಿ ಕುಳಿತಿದ್ದ ಹುಡುಗರ ಕಡೆ ತಿರುಗಿ, "ಅಂಕಲ್‌ಗೆ ಟೇಕಾಫ್ ಮಾಡ್ಬೇಕಂತೆ, ರನ್‌ವೇ ಬಿಡ್ರಪ್ಪಾ" ಎಂದರು. ಎಲ್ಲರೂ ನಕ್ಕರು. ಕ್ಯಾಷಿಯರ್ ಕೂಡ ನಕ್ಕರು. ನಾನು ನಿಂತೇ ಇದ್ದೆ. ಕುಳಿತುಕೊಳ್ಳಿ ಎಂದು ಒಬ್ಬರೂ ಹೇಳಲಿಲ್ಲ. ಕೊನೆಗೆ, ಕ್ಲಚ್ ಪ್ಲೇಟ್ ಬದಲಾಯಿಸಬೇಕು, ಖರ್ಚು ನಿಮ್ಮದೇ ಎಂದು ಚೀಟಿ ಬರೆದುಕೊಟ್ಟರು. ತಮ್ಮ ತಪ್ಪಿಗೆ ಗಿರಾಕಿಯಿಂದಲೇ ಹಣ ಕೇಳುವುದು ನಾಚಿಕೆಗೇಡು.

ಆ ಆಯಿಲನ್ನು ಬೇರೆ ಗ್ಯಾರೇಜಿನಲ್ಲಿ ಇಳಿಸಿ, ಸರಿಯಾದದ್ದನ್ನು ಹಾಕಿಸಿದ್ದೇನೆ. ಕ್ಲಚ್ ಇನ್ನೂ ಜಾರುತ್ತಿದೆ. ಕ್ಲಚ್ ಪ್ಲೇಟುಗಳನ್ನು ನಿಮ್ಮ ಖರ್ಚಿನಲ್ಲಿ ಬದಲಾಯಿಸಿ, ವಾಲ್ವುಗಳನ್ನು ತೆರೆಯುವ ಕ್ಯಾಮ್ ಮತ್ತು ರಾಕರ್‌ಗಳನ್ನು ನನ್ನ ಎದುರಿಗೇ ಬಿಚ್ಚಿ ತೋರಿಸಿ, ಆ ಸರ್ವಿಸ್‌ನ ಹಣ ಹಿಂದಿರುಗಿಸಬೇಕು. ಆ ಅಡ್ವೈಸರ್ ಲಿಖಿತವಾಗಿ ಕ್ಷಮೆ ಕೇಳಬೇಕು.

ಪತ್ರ ತಲುಪಿದ 15 ದಿನಗಳೊಳಗೆ ಇದಾಗದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಸೇವಾ ನ್ಯೂನತೆಗಾಗಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಇಷ್ಟು ಮೊತ್ತದ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ, ನನ್ನ ವಾದವನ್ನು ನಾನೇ ಮಂಡಿಸಬಲ್ಲೆ. ಬಿಲ್ಲು, ಬೆರಳಚ್ಚು ಬಿದ್ದ ಕೈಪಿಡಿಯ ಪುಟ, ಸೀಲ್ ಮಾಡಿಸಿಟ್ಟ ಆಯಿಲಿನ ಬಾಟಲಿ ಮೂರೂ ನನ್ನ ಬಳಿ ಇವೆ. ಬೈಕ್ ತಯಾರಿಸಿದ ಕಂಪನಿಗೂ ಈ ಪತ್ರದ ಪ್ರತಿಯನ್ನು ಇಂದೇ ಕಳಿಸಿದ್ದೇನೆ.

ಇಂತಿ,
ಬೈಕಿನ ಮಾಲೀಕ