ಭಾನುವಾರ ಸಂಜೆ 5ಕ್ಕೆ: ವಿಜಿಲೆನ್ಸ್ ಆಫೀಸರ್ ಮಾಡುವುದೇನು?

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಮಾಟುಂಗಾದ ನಮ್ಮ ಮಾಮೂಲಿ ಹಾಲ್‌ನಲ್ಲಿ ಸೇರೋಣ. ಕೇಂದ್ರ ಸರ್ಕಾರದ ಆಫೀಸು, ಸರ್ಕಾರಿ ಬ್ಯಾಂಕು, ಪೋರ್ಟ್‌ನಲ್ಲಿ ಇರುವವರು ತಪ್ಪದೆ ಬನ್ನಿ. ನಿವೃತ್ತ ವಿಜಿಲೆನ್ಸ್ ಅಧಿಕಾರಿಯೊಬ್ಬರು, ಅಂದ್ರೆ ಆಫೀಸಿನೊಳಗಿನ ಲಂಚ, ಅಕ್ರಮದ ಮೇಲೆ ಕಣ್ಣಿಡುತ್ತಿದ್ದವರು, ಮಾತಾಡುತ್ತಾರೆ.

ವಿಜಿಲೆನ್ಸ್ ಅಂದ್ರೆ ನಾವು ಸುಮ್ನೆ ಹೆದರುತ್ತೇವೆ. ಟೆಂಡರ್, ಖರೀದಿಯಲ್ಲಿ ದುಡ್ಡು ಸೋರುವ ಜಾಗ ಮೊದಲೇ ಹುಡುಕಿ ಮುಚ್ಚಿಸುವುದೂ ಅವರದೇ ಕೆಲಸ, ಅಲ್ವಾ?

ದೂರು ಕೊಡಬೇಕೆಂದಿರುವವರು ಗಮನಿಸಿ. 1964ರಲ್ಲಿ ಶುರುವಾದ ದಿಲ್ಲಿಯ ಸಿವಿಸಿ (ಕೇಂದ್ರ ಜಾಗೃತ ಆಯೋಗ) ಹೆಸರಿಲ್ಲದ ಅರ್ಜಿ ಮೇಲೆ ಕ್ರಮ ತೆಗೆದುಕೊಳ್ಳುವುದಿಲ್ಲ. ಹೆಸರು ಹೊರಬರಬಾರದು ಅಂದ್ರೆ ಮುಚ್ಚಿದ ಲಕೋಟೆ ಮೇಲೆ ‘ಪಿಐಡಿಪಿಐ’ (ದೂರು ಕೊಟ್ಟವರನ್ನು ರಕ್ಷಿಸುವ ವ್ಯವಸ್ಥೆಯ ಹೆಸರು) ಅಂತ ಬರೆದು ಸಿವಿಸಿಗೆ ಕಳಿಸಿ. ನಿಮ್ಮ ಹೆಸರು, ವಿಳಾಸ ಒಳಗಿನ ಪತ್ರದಲ್ಲಿ ಮಾತ್ರ. ಆಗ ಗುಟ್ಟು ಕಾಪಾಡುತ್ತಾರೆ.

ಕಾಂಟ್ರಾಕ್ಟರ್ ಕೊಡುವ ದೀಪಾವಳಿ ಡ್ರೈಫ್ರೂಟ್ ಡಬ್ಬಿ ಬಗ್ಗೆಯೂ ಕೇಳಬಹುದು! ಪ್ರಶ್ನೆಗಳನ್ನು ಶುಕ್ರವಾರದೊಳಗೆ ನನಗೇ ಕಳಿಸಿ. ಆಫೀಸ್ ಫೈಲ್‌ಗಳ ಫೋಟೋ ಈ ಗುಂಪಿಗೆ ಹಾಕಲೇಬೇಡಿ. ಬರುವವರು ಇಲ್ಲಿ ‘ಬರ್ತೀನಿ’ ಅನ್ನಿ, ತಿಂಡಿ ಹೇಳಬೇಕು.