ಬದಲಾಗದ ಬೇರಿಂಗ್‌ಗೆ ಬಿಲ್: ಸಿಎನ್‌ಸಿ ರೆಟ್ರೋಫಿಟ್ ಕಂಪನಿಗೆ ಹಾಸನದಿಂದ ಒಂದು ದೂರು

ಹಾಸನ
12-01-2026

ಇವರಿಗೆ,
ಸರ್ವಿಸ್ ವಿಭಾಗದ ಮುಖ್ಯಸ್ಥರು
ಬೆಂಗಳೂರು

ವಿಷಯ: ನಮ್ಮ ಹಳೆಯ ಸಿಎನ್‌ಸಿ ಮಿಲ್ಲಿಂಗ್ ಮೆಷಿನ್‌ನ ಎಕ್ಸ್ ಆಕ್ಸಿಸ್ ಬೇರಿಂಗ್ ಬದಲಿಸದೇ ಹಣ ಪಡೆದಿರುವುದು, ಮತ್ತು ಝಡ್ ಬ್ರೇಕ್ ದೋಷ

ಮಾನ್ಯರೇ,

ಬಿ.ಎಂ. ರಸ್ತೆ ಕಡೆ ಎಂಟು ಜನ ಸೇರಿ ನಡೆಸುವ ವರ್ಕ್‌ಶಾಪ್ ನಮ್ಮದು. ಎಂಟೂ ಜನರ ಪರವಾಗಿ ನಾನು ಬರೆಯುತ್ತಿದ್ದೇನೆ. ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕೊರೆಯುವ ನಮ್ಮ ಸಿಎನ್‌ಸಿ ಮೆಷಿನ್ ಅನ್ನು ಕಳೆದ ಅಕ್ಟೋಬರ್‌ನಲ್ಲಿ ನೀವು ರೆಟ್ರೋಫಿಟ್ ಮಾಡಿಕೊಟ್ಟಿರಿ, ಅಂದರೆ ಹಳೇ ಮೆಷಿನ್‌ಗೆ ಹೊಸ ಕಂಟ್ರೋಲರ್, ಮೋಟಾರ್ ಹಾಕಿಕೊಟ್ಟಿರಿ. ಬಿಲ್ 7,40,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ. ಒಂದು ರೂಪಾಯಿ ಬಾಕಿ ಇಡದೆ ಕೊಟ್ಟಿದ್ದೇವೆ. ಬಿಲ್‌ನ ನಾಲ್ಕನೇ ಸಾಲಿನಲ್ಲಿ ಎಕ್ಸ್ ಮತ್ತು ವೈ ಬಾಲ್ ಸ್ಕ್ರೂಗಳ ಬೇರಿಂಗ್ ಬದಲಾವಣೆ, ಫಿಟ್ಟಿಂಗ್ ಸೇರಿ 86,000 ಅಂತ ಇದೆ. ಟೇಬಲ್ ಅನ್ನು ಎಡಬಲಕ್ಕೆ (ಎಕ್ಸ್) ಮತ್ತು ಹಿಂದೆ ಮುಂದೆ (ವೈ) ಓಡಿಸುವ ಸ್ಕ್ರೂಗಳು ಇವು. ವೈ ಕೆಲಸ ಆಗಿದೆ. ಎಕ್ಸ್ ಕೆಲಸ ಆಗಿಲ್ಲ.

ಈ ಮೆಷಿನ್ ನಮಗೆ ಎಷ್ಟು ಮುಖ್ಯ ಅಂತ ಮೊದಲು ಹೇಳಬೇಕು. 1990ರ ದಶಕದ ಮೆಷಿನ್ ಇದು. ಹಳೇ ಕಂಟ್ರೋಲರ್‌ನ ಮೆಮೊರಿ ಬ್ಯಾಟರಿ ಸತ್ತು, ಪ್ಯಾರಾಮೀಟರ್ (ಮೆಷಿನ್ ಸೆಟ್ಟಿಂಗ್) ಎಲ್ಲಾ ಅಳಿಸಿಹೋಗಿ ಎರಡು ವರ್ಷ ಟಾರ್ಪಾಲ್ ಕೆಳಗೆ ನಿಂತಿತ್ತು. ಗುಜರಿಗೆ ಹಾಕಿ ಅಂದವರೇ ಜಾಸ್ತಿ. ಆದರೆ ಒಳ್ಳೆಯ ಎರಕ ಅದು. ಟೇಬಲ್ ಸರಿಸಿ ನೋಡಿದರೆ ಬೆಡ್ ಮೇಲೆ ಕೈಯಲ್ಲಿ ಸ್ಕ್ರೇಪ್ ಮಾಡಿದ ಗುರುತು ಇವತ್ತಿಗೂ ಕಾಣುತ್ತದೆ. ಅಂಥ ಬೆಡ್ ಹೊಸದಾಗಿ ಕೊಳ್ಳುವ ಶಕ್ತಿ ನಮಗಿಲ್ಲ. ನಮ್ಮಲ್ಲಿ ಒಬ್ಬರು ಅಡಿಕೆ ಹಾಳೆ ತಟ್ಟೆಯ ಅಚ್ಚು ಮಾಡುತ್ತಾರೆ. ಇಬ್ಬರು ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ರಿಪೇರಿ ಮಾಡುತ್ತಾರೆ. ಉಳಿದವರದು ಟಿಲ್ಲರ್, ಪಂಪ್, ಸಣ್ಣಪುಟ್ಟ ಜಿಗ್ ಕೆಲಸ. ರೆಟ್ರೋಫಿಟ್‌ಗೆ ತಮ್ಮ ಪಾಲು ಹೊಂದಿಸಲು ಒಬ್ಬರು ಮನೆಯವರ ಬಳೆ ಅಡ ಇಟ್ಟಿದ್ದಾರೆ. ಅದು ಇನ್ನೂ ಬಿಡಿಸಿಲ್ಲ.

ಹೊಸ ಕಂಟ್ರೋಲರ್, ಹಳೇ ಡಿಸಿ ಮೋಟಾರ್ ಬದಲು ಹಾಕಿದ ಎಸಿ ಸರ್ವೋ ಮೋಟಾರ್, ಪ್ಯಾನಲ್ ವೈರಿಂಗ್, ಲೂಬ್ ಪಂಪ್, ಇವು ಚೆನ್ನಾಗಿವೆ. ಅದನ್ನು ಒಪ್ಪಿಕೊಳ್ಳುತ್ತೇವೆ.

ತೊಂದರೆ ಗೊತ್ತಾಗಿದ್ದು ನವೆಂಬರ್ ಕೊನೆಯಲ್ಲಿ. ಅರೇಬಿಕಾ ಕೊಯ್ಲು ಶುರುವಾಗಿತ್ತು. ಸಕಲೇಶಪುರ ಕಡೆಯ ತೋಟದಿಂದ ಪಲ್ಪರ್‌ನ ಬೇರಿಂಗ್ ಹೌಸಿಂಗ್ ಬಂತು. 6206 ಬೇರಿಂಗ್ ಕೂರುವ 62 ಎಂಎಂ ಬೋರ್ (ರಂಧ್ರ). ನಾವು ಹಿಡಿಯುವ ಟಾಲರೆನ್ಸ್ 0.03 ಎಂಎಂ. ಬೋರ್ ಗೇಜ್ ಇಟ್ಟು ನೋಡಿದರೆ 0.09 ಅಂಡಾಕಾರ. ಒಳಗೆ ಬೆರಳು ಆಡಿಸಿದರೆ ಗಡಿಯಾರದ 3 ಮತ್ತು 9 ಇರುವ ಜಾಗದಲ್ಲಿ ಉಗುರಿಗೆ ಸಿಗುವ ಸಣ್ಣ ಮೆಟ್ಟಿಲು. 12 ಮತ್ತು 6ರ ಕಡೆ ನುಣ್ಣಗಿದೆ. ವೃತ್ತ ಹೊಡೆಯುವಾಗ ಎಕ್ಸ್ ದಿಕ್ಕು ಬದಲಿಸುವುದು 3 ಮತ್ತು 9ರಲ್ಲೇ ಅಲ್ವಾ?

ಒಪ್ಪಿಸುವ ದಿನ ನಿಮ್ಮ ಎಂಜಿನಿಯರ್ ಡಯಲ್ (ಅಲ್ಪ ಅಲುಗಾಟ ಅಳೆಯುವ ಮುಳ್ಳಿನ ಗೇಜ್) ಇಟ್ಟು ತೋರಿಸಿದಾಗ ಎಕ್ಸ್ ಬ್ಯಾಕ್‌ಲ್ಯಾಶ್, ಅಂದರೆ ದಿಕ್ಕು ಬದಲಿಸುವಾಗಿನ ಸಡಿಲ, 0.01 ಎಂಎಂ ಮಾತ್ರ ಇತ್ತು. ಕೆಲಸಕ್ಕೆ ಮುಂಚೆ ನಾವೇ ಅಳೆದಾಗ 0.17 ಇತ್ತು. ಬೇರಿಂಗ್ ಬದಲಾಗಿದೆ ಅಂತ ನಂಬಿ ಸಹಿ ಹಾಕಿದೆವು. ಈಗ ಕಂಟ್ರೋಲರ್‌ನಲ್ಲಿ ಸಡಿಲ ಸರಿದೂಗಿಸುವ ಕಾಂಪೆನ್ಸೇಷನ್ ಪುಟ ತೆರೆದು ನೋಡಿದರೆ ವೈಗೆ 0.010, ಎಕ್ಸ್‌ಗೆ 0.160 ಹಾಕಿದ್ದೀರಿ. ಅಂದರೆ ದಿಕ್ಕು ಬದಲಾದಾಗಲೆಲ್ಲ ಕಂಟ್ರೋಲರ್ 0.16 ಜಾಸ್ತಿ ತಿರುಗಿಸುತ್ತದೆ. ಡಯಲ್‌ಗೆ ಅದು ಸರಿಯಾಗಿಯೇ ಕಾಣುತ್ತದೆ. ಡ್ರಿಲ್ಲಿಂಗ್‌ನಲ್ಲೂ ನಡೆದುಹೋಗುತ್ತದೆ. ಆದರೆ ಕಟರ್ ಲೋಹ ಕೊರೆಯುವಾಗ ಟೇಬಲ್‌ನ ಮೇಲೆ ಒತ್ತಡ ಬೀಳುತ್ತದೆ, ಟೇಬಲ್ ಆ ಸಡಿಲದೊಳಗೆ ಅತ್ತಿತ್ತ ಜರುಗುತ್ತದೆ. ಅದನ್ನು ಯಾವ ಪ್ಯಾರಾಮೀಟರ್ ಹಿಡಿದು ನಿಲ್ಲಿಸುತ್ತದೆ ಹೇಳಿ? ಉಳಿದ ಅಲ್ಪಸ್ವಲ್ಪ ಸಡಿಲ ಸರಿದೂಗಿಸಲು ಇರುವ ಸೌಲಭ್ಯದಲ್ಲಿ ಸವೆದ ಬೇರಿಂಗ್ ಮುಚ್ಚಿಟ್ಟಿದ್ದೀರಿ.

ಸುಮ್ನೆ ಅನುಮಾನದಿಂದ ಬರೆಯುತ್ತಿಲ್ಲ. ನಮ್ಮಲ್ಲಿ ಹಿರಿಯರಾದ ಫಿಟ್ಟರ್ ಒಬ್ಬರಿದ್ದಾರೆ. ಅವರು ಸರ್ವೋ ಆನ್ ಇಟ್ಟು, ಸ್ಪಿಂಡಲ್ ನಿಲ್ಲಿಸಿ, ಟೂಲ್ ಹಿಡಿಯುವ ಹೆಡ್‌ಗೆ ಡಯಲ್ ಕಟ್ಟಿ, ಟೇಬಲ್ ಅನ್ನು ಮರದ ತುಂಡಿನಿಂದ ಮೀಟಿದರು. ಮುಳ್ಳು 0.15 ಓಡಿತು. ಇನ್ನೊಂದು ಕಡೆಗೆ ಮೀಟಿದರೆ ಅಷ್ಟೇ ವಾಪಸ್. ಪ್ರತಿ ಸಲ ಒಳಗಿಂದ ಟಕ್ ಅನ್ನುವ ಸದ್ದು. ಆಮೇಲೆ ಕವರ್ ತೆಗೆದು, ಸ್ಕ್ರೂ ತುದಿಯ ಸೆಂಟರ್ ಹೋಲ್‌ಗೆ ಗ್ರೀಸ್ ಹಚ್ಚಿ, ಒಂದು ಸ್ಟೀಲ್ ಗುಂಡು ಕೂರಿಸಿ, ಅದರ ಮೇಲೆ ಡಯಲ್ ಇಟ್ಟರು. ಮೀಟಿದಾಗ ಸ್ಕ್ರೂವೇ 0.12 ಹಿಂದೆ ಮುಂದೆ ಹೋಗುತ್ತಿದೆ. ಸ್ಕ್ರೂ ಮೇಲೆ ಓಡುವ ನಟ್‌ನಲ್ಲಿ ಇರುವ ಸಡಿಲ ಅಲ್ಪಸ್ವಲ್ಪ. ಸವೆದಿರುವುದು ಬೇರಿಂಗ್.

ಕವರ್ ತೆಗೆದಾಗ ಇನ್ನೊಂದು ಕಂಡಿತು. ಮೂರು ವರ್ಷದ ಹಿಂದೆ ಬೇರಿಂಗ್ ಹಿಡಿದಿಡುವ ಬೋಲ್ಟ್ ಸಡಿಲವಾದರೆ ಗೊತ್ತಾಗಲಿ ಅಂತ ಬೋಲ್ಟ್ ತಲೆಯಿಂದ ಎರಕದ ಮೇಲೆ ಹಾಯುವಂತೆ ನಾವು ಹಳದಿ ಪೇಂಟ್ ಗೆರೆ ಎಳೆದಿದ್ದೆವು. ವೈ ಕಡೆ ನಾಲ್ಕೂ ಗೆರೆ ಮುರಿದಿವೆ, ಬೋಲ್ಟ್ ಬಿಚ್ಚಿ ಹಾಕಿದ್ದು ಕಾಣುತ್ತದೆ. ಎಕ್ಸ್ ಕಡೆ ನಾಲ್ಕೂ ಗೆರೆ ಹಾಗೇ ಇವೆ, ಒಂದು ಕೂದಲೆಳೆ ಬಿರುಕಿಲ್ಲ, ಮೇಲಿನ ಧೂಳು ಕೂಡ ಕದಲಿಲ್ಲ. ಬೋಲ್ಟ್ ಬಿಚ್ಚದೆ ಬೇರಿಂಗ್ ಬದಲಾಗುವುದಿಲ್ಲ. ಫೋಟೋ, ವಿಡಿಯೋ ಎರಡೂ ಜೊತೆಗೆ ಕಳಿಸಿದ್ದೇವೆ. ವಾರಂಟಿ ಮಾತು ಬರಬಾರದು ಅಂತ ಕವರ್ ಬಿಟ್ಟು ಬೇರೇನೂ ಮುಟ್ಟಿಲ್ಲ.

ಕೆಲಸ ಮಾಡಿದ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರು ಬಂದಿದ್ದು ಹಾಸನಾಂಬೆ ಬಾಗಿಲು ತೆಗೆದ ದಿನಗಳಲ್ಲಿ. ಊರಲ್ಲಿ ಒಂದು ಲಾಡ್ಜ್ ರೂಮೂ ಸಿಗಲಿಲ್ಲ, ನಮ್ಮ ಮನೆಯಲ್ಲೇ ಉಳಿದರು, ನಮ್ಮ ಜೊತೆಗೇ ಊಟ ಮಾಡಿದರು. ರಾತ್ರಿ ಹನ್ನೊಂದರವರೆಗೂ ದುಡಿದರು. ದೀಪಾವಳಿಗೆ ಊರಿಗೆ ಹೋಗುವ ಆತುರ ಅವರಿಗೂ ಇತ್ತು. ಬೇರಿಂಗ್ ಬಂದಿಲ್ಲ, ಇನ್ನೊಮ್ಮೆ ಬಂದು ಹಾಕುತ್ತೇವೆ ಅಂದಿದ್ದರೆ ಕಾಯುತ್ತಿದ್ದೆವು. ಹೇಳದೆ ಬಿಲ್‌ನಲ್ಲಿ ಬರೆದಿರಲ್ಲ, ಅದೇ ನೋವು. ಫೋನ್ ಮಾಡಿದರೆ ನಿಮ್ಮ ಆಫೀಸಿನವರು “ಹಳೇ ಮೆಷಿನ್ ಸರ್, ಇಷ್ಟು ಇದ್ದೇ ಇರುತ್ತೆ” ಅಂದರು. ಹಳೇದು ಅಂತ ಗೊತ್ತಿದ್ದೇ ತಾನೇ ನಿಮಗೆ ಕೊಟ್ಟಿದ್ದು?

ಝಡ್ ಆಕ್ಸಿಸ್, ಅಂದರೆ ಹೆಡ್ ಮೇಲೆ ಕೆಳಗೆ ಓಡುವ ದಿಕ್ಕಿನ ವಿಷಯ ಇದಕ್ಕಿಂತ ತುರ್ತು. ಎಮರ್ಜೆನ್ಸಿ ಸ್ಟಾಪ್ ಒತ್ತಿದರೂ, ಕರೆಂಟ್ ಹೋದರೂ ಹೆಡ್ 5 ಎಂಎಂ ಕೆಳಗೆ ಜಾರಿ ಆಮೇಲೆ ನಿಲ್ಲುತ್ತದೆ. ನಮ್ಮ ಮೆಷಿನ್‌ಗೆ ಕೌಂಟರ್ ವೇಟ್ ಇಲ್ಲ, ಹೆಡ್ ನಿಂತಿರುವುದೇ ಮೋಟಾರ್ ಬ್ರೇಕ್ ಮೇಲೆ. ಸರ್ವೋ ಬಿಟ್ಟ ಮೇಲೆ ಬ್ರೇಕ್ ತಡವಾಗಿ ಹಿಡಿಯುತ್ತಿದೆ. ಡಿಸೆಂಬರ್‌ನಲ್ಲಿ ಒಂದು ಮಧ್ಯಾಹ್ನ ಕರೆಂಟ್ ಹೋದಾಗ ನಮ್ಮ ಹುಡುಗ ಟೂಲ್ ಕೆಳಗೆ ಕೈ ಇಟ್ಟು ಜಾಬ್ ಒರೆಸುತ್ತಿದ್ದ. ಎಂಡ್ ಮಿಲ್ ಗ್ಲೌಸಿನ ತುದಿ ಹಿಡಿಯಿತು. ಬೆರಳು ಉಳಿಯಿತು. ಅವತ್ತಿನಿಂದ ಯಾರೇ ಕೈ ಹಾಕುವ ಮುಂಚೆ ಹೆಡ್ ಕೆಳಗೆ ಮರದ ದಿಮ್ಮಿ ಇಡುತ್ತಿದ್ದೇವೆ.

ನಮಗೆ ಬೇಕಾಗಿರುವುದು ಇಷ್ಟು. ಬ್ರೇಕ್ ಸರಿಮಾಡಲು ಈ ವಾರದಲ್ಲೇ ಒಬ್ಬರನ್ನು ಕಳಿಸಿ. ಪತ್ರ ತಲುಪಿದ 15 ದಿನದೊಳಗೆ ಎಕ್ಸ್ ಬೇರಿಂಗ್ ಅನ್ನು ನಮ್ಮ ಕಣ್ಣೆದುರು ಬದಲಿಸಿ, ಹಳೇ ಬೇರಿಂಗ್ ನಮ್ಮ ಕೈಗೆ ಕೊಡಿ. ಬದಲಿಸಿದ ಮೇಲೆ ಮೊದಲು ಕಾಂಪೆನ್ಸೇಷನ್ ಸೊನ್ನೆ ಮಾಡಿ, ಟೇಬಲ್ ಮೀಟಿ, ಸಡಿಲ 0.02ರೊಳಗೆ ಬಂದಿದೆ ಅಂತ ತೋರಿಸಿ. ನಂತರ ಬೇಕಾದ ಸಂಖ್ಯೆ ಹಾಕಿಕೊಳ್ಳಿ. ಪ್ಯಾರಾಮೀಟರ್ ಬ್ಯಾಕಪ್, ಪಾಸ್‌ವರ್ಡ್, ವೈರಿಂಗ್ ಡ್ರಾಯಿಂಗ್ ಕೂಡ ಕೊಡಿ. ಒಮ್ಮೆ ಪ್ಯಾರಾಮೀಟರ್ ಕಳೆದುಕೊಂಡು ಎರಡು ವರ್ಷ ಕೂತವರು ನಾವು. ಹಾಳಾದ ಹೌಸಿಂಗ್‌ಗೆ ಬದಲು ಹೊಸದು ಮಾಡಿಕೊಟ್ಟ ಖರ್ಚು 4,200 ರೂಪಾಯಿ, ಅದನ್ನೂ ನೀವೇ ಭರಿಸಬೇಕು.

ಇದು ಆಗದಿದ್ದರೆ ಹಾಸನದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. 2019ರ ಗ್ರಾಹಕ ಕಾಯ್ದೆಯಲ್ಲಿ ದೂರು ಕೊಡುವವರು ಇರುವ ಊರಲ್ಲೇ ಕೇಸ್ ಹಾಕಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡದ್ದನ್ನು ವ್ಯಾಪಾರದ ಉದ್ದೇಶ ಅಂತ ಅದು ಎಣಿಸುವುದಿಲ್ಲ. ಕಾಗದಪತ್ರ ಎಲ್ಲಾ ಜೋಡಿಸಿ ಇಟ್ಟಿದ್ದೇವೆ.

ರೊಬಸ್ಟಾ ಕೊಯ್ಲೂ ಶುರುವಾಗುತ್ತಿದೆ, ಮೂರು ಹೌಸಿಂಗ್ ಬೆಂಚ್ ಮೇಲೆ ಕಾಯುತ್ತಿವೆ. ಯಾವ ದಿನ ಬರುತ್ತೀರಿ ಅಂತ ಬರವಣಿಗೆಯಲ್ಲಿ ತಿಳಿಸಿ.

ಇಂತಿ,
ವರ್ಕ್‌ಶಾಪಿನ ಎಂಟು ಸದಸ್ಯರ ಪರವಾಗಿ

ಲಗತ್ತು: ಬಿಲ್ ಪ್ರತಿ, ಒಪ್ಪಿಸಿದ ದಿನದ ರಿಪೋರ್ಟ್, ಬೋಲ್ಟ್‌ಗಳ ಫೋಟೋ, ಡಯಲ್ ಪರೀಕ್ಷೆಯ ವಿಡಿಯೋ ಇರುವ ಪೆನ್‌ಡ್ರೈವ್