ಆ ಪತ್ರದಲ್ಲಿ ಏನಿತ್ತು ಅಂತ ಗೊತ್ತಾಯಿತು

ಹೋದ ಶನಿವಾರ ರಾತ್ರಿ ಹ್ಯಾರಿ ಪಾಟರ್‌ನ ಏಳನೇ ಪುಸ್ತಕ ಮುಗಿಸಿದೆ. ನನ್ನದೇ ಕಣ್ಣಲ್ಲಿ ಓದಿ ಮುಗಿಸಿದೆ. ಅದು ಎಷ್ಟು ದೊಡ್ಡ ಮಾತು ಅಂತ ನಿಮಗೆಲ್ಲ ಗೊತ್ತು, ಹಾಗಾಗಿ ಕಣ್ಣಿನ ಆಪರೇಷನ್ ಕಥೆ ಮತ್ತೆ ಬರೆಯುವುದಿಲ್ಲ. ಫೋನಿನಲ್ಲಿ ಹೇಳಿ ಹೇಳಿ ನನಗೇ ಸಾಕಾಗಿದೆ, ಕೇಳಿ ಕೇಳಿ ನಿಮಗೂ ಸಾಕಾಗಿರಬೇಕು. ಥ್ಯಾಂಕ್ಸ್ ಹೇಳುವುದು ಮಾತ್ರ ಬಾಕಿ ಇತ್ತು.

ಬೆಂಗಳೂರಿನ ಡಾಕ್ಟರಿಗೆ, ಅಲ್ಲಿನ ನರ್ಸ್‌ಗಳಿಗೆ, ಅಷ್ಟು ಸಲ ಕಾರಿನಲ್ಲಿ ಕರೆದುಕೊಂಡು ಹೋಗಿ ಬಂದು ಒಮ್ಮೆಯೂ ಪೆಟ್ರೋಲ್ ದುಡ್ಡು ಮುಟ್ಟದ ದೊಡ್ಡಪ್ಪನ ಮಗನಿಗೆ, ನನ್ನ ಕ್ಲಾಸುಗಳನ್ನು ಹಂಚಿಕೊಂಡ ಸ್ಕೂಲಿನವರಿಗೆ, ಹಿತಕಿದ ಬೇಳೆ ಸಾರು ತಂದುಕೊಟ್ಟ ಹಿಂದಿನ ಬೀದಿಯವರಿಗೆ, ಎಲ್ಲರಿಗೂ ಥ್ಯಾಂಕ್ಸ್. ಸಾರಿನ ಡಬ್ಬಿ ಇನ್ನೂ ನಮ್ಮ ಮನೆಯಲ್ಲೇ ಇದೆ, ಈ ವಾರ ಖಂಡಿತ ವಾಪಸ್ ಕೊಡುತ್ತೇನೆ. ಗಂಡನಿಗೆ ಏನು ಹೇಳಬೇಕೋ ಮನೆಯಲ್ಲೇ ಹೇಳಿದ್ದೇನೆ.

ಉಳಿದದ್ದೆಲ್ಲ ಟೀಚರಮ್ಮನಿಗೆ.

ಯಾವ ಟೀಚರಮ್ಮ ಅಂತ ನಮ್ಮ ಚರ್ಚಿನ ಸಭೆಯವರಿಗೆ ಹೇಳಬೇಕಿಲ್ಲ. ಸಂಡೇ ಸ್ಕೂಲಿನಲ್ಲಿ ನನಗೂ ಕಲಿಸಿದರು, ನನ್ನ ಮಗಳಿಗೂ ಕಲಿಸಿದರು. ಈಗ ಎಪ್ಪತ್ತು ದಾಟಿದ್ದಾರೆ. ಬೈಬಲ್ ವಚನ ತಪ್ಪಿದರೆ ಈಗಲೂ ಹುಬ್ಬು ಗಂಟಿಕ್ಕುತ್ತಾರೆ.

2002ರ ಮಾತು. ಹ್ಯಾರಿ ಪಾಟರ್ ಸರಣಿಯಲ್ಲಿ ಆಗಿನ್ನೂ ನಾಲ್ಕೇ ಪುಸ್ತಕ ಬಂದಿದ್ದವು. ಮೊದಲ ಸಿನಿಮಾ ಆಗಷ್ಟೇ ಬಂದಿತ್ತು. ಒಂದು ಭಾನುವಾರ ಟೀಚರಮ್ಮ ಬೈಬಲಿನ ಧರ್ಮೋಪದೇಶಕಾಂಡದ 18ನೇ ಅಧ್ಯಾಯ ತೆಗೆಸಿದರು. ಕಣಿ ಹೇಳುವವರು, ಶಕುನ ನೋಡುವವರು, ಮಾಟ ಮಾಡುವವರು ನಿಮ್ಮಲ್ಲಿ ಇರಬಾರದು ಅನ್ನುವ ಭಾಗ. ಆಮೇಲೆ ಮಾಟ ಮಂತ್ರ ಕಲಿಯುವ ಹುಡುಗನ ಆ ಪುಸ್ತಕದ ಹೆಸರು ಹೇಳಿ, "ಓದಲ್ಲ ಅನ್ನೋರು ಕೈ ಎತ್ತಿ" ಅಂದರು. ಎಲ್ಲರೂ ಎತ್ತಿದೆವು. ಅದೇ ಡಿಸೆಂಬರಿನಲ್ಲಿ ಕ್ರಿಸ್ಮಸ್ ನಾಟಕಕ್ಕೆ, ಮಗು ಯೇಸುವನ್ನು ನೋಡಲು ಬಂದ ಮೂಡಣ ದೇಶದ ಜೋಯಿಸರ ನಿಲುವಂಗಿ ಹೊಲಿದುಕೊಟ್ಟವರೂ ಅವರೇ. ನಕ್ಷತ್ರ ನೋಡಿ ದಾರಿ ಹಿಡಿದ ಜೋಯಿಸರು ಹೇಗೆ ಪರವಾಗಿಲ್ಲ ಅಂತ ಕೇಳುವುದು ನಮಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ.

ಇದು ನಮ್ಮೊಬ್ಬರದೇ ಕಥೆಯಲ್ಲ ಅಂತ ಆಮೇಲೆ ತಿಳಿಯಿತು. 2000ರಿಂದ 2009ರವರೆಗೆ ಅಮೆರಿಕದ ಲೈಬ್ರರಿಗಳಲ್ಲಿ ತೆಗೆಯಿರಿ, ಕೊಡಬೇಡಿ ಅಂತ ಅತಿ ಹೆಚ್ಚು ಆಕ್ಷೇಪ ಬಂದದ್ದು ಇದೇ ಸರಣಿಗೆ ಅಂತ ಅಲ್ಲಿನ ಲೈಬ್ರರಿ ಸಂಘದ ಪಟ್ಟಿ ಹೇಳುತ್ತದೆ. ಆ ಗಾಳಿ ನಮ್ಮ ಕೋಲಾರದ ಅಂತರಗಂಗೆ ಬೆಟ್ಟ ದಾಟಿ ನಮ್ಮ ಬೆಂಚಿನ ತನಕವೂ ಬೀಸಿತ್ತು.

ಕೈ ಎತ್ತುವ ಹೊತ್ತಿಗೆ ನಾನು ಆಗಲೇ ಎರಡೂವರೆ ಅಧ್ಯಾಯ ಓದಿಬಿಟ್ಟಿದ್ದೆ. ಕ್ಲಾಸಿನ ಹುಡುಗಿಯೊಬ್ಬಳು ಒಂದು ರಾತ್ರಿಗೆ ಅಂತ ಕೊಟ್ಟಿದ್ದಳು. ಅಮ್ಮ ನೋಡಿದಳು. ಹೊಡೆಯಲಿಲ್ಲ. ಪುಸ್ತಕವನ್ನು ಪೇಪರಿನಲ್ಲಿ ಸುತ್ತಿ, ಮಲ್ಲಿಗೆ ಹೂವಿನ ದಾರ ಕಟ್ಟಿ, ಬೆಳಗ್ಗೆ ವಾಪಸ್ ಕೊಡಿಸಿದಳು. ನಾನು ನಿಂತಿದ್ದು ಎಲ್ಲಿ ಗೊತ್ತಾ? ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಲಗುವ ಆ ಹುಡುಗನಿಗೆ ಜೀವನದಲ್ಲಿ ಮೊದಲ ಸಲ ಒಂದು ಪತ್ರ ಬರುತ್ತದೆ. ಮನೆಯ ಯಜಮಾನ ಓದಲು ಬಿಡುವುದಿಲ್ಲ, ಕಿತ್ತುಕೊಂಡು ಸುಟ್ಟುಹಾಕುತ್ತಾನೆ. ಪತ್ರ ಹಾಕುವ ಕಿಂಡಿಗೇ ಮೊಳೆ ಹೊಡೆಯುತ್ತಾನೆ. ಅಲ್ಲಿಗೆ ನನ್ನ ಪುಸ್ತಕವೂ ಹೋಯಿತು.

ಈಗ ಆ ರಾತ್ರಿಯ ವಿಷಯ.

ಹೋದ ಜನವರಿ. ಆಪರೇಷನ್ ಆಗಿ ನಾಲ್ಕನೇ ರಾತ್ರಿ. ಮುಖ ಕೆಳಗೆ ಮಾಡಿಕೊಂಡೇ ಇರಬೇಕು ಅಂತ ಹೇಳಿದ್ದರು. ಉಣ್ಣುವಾಗಲೂ ಹಾಗೇ, ಮಲಗುವಾಗಲೂ ಹಾಗೇ. ಮಂಚದ ಮೇಲೆ ಎರಡು ದಿಂಬು, ನಡುವೆ ಸಂದು, ಆ ಸಂದಿನಲ್ಲಿ ನನ್ನ ಮುಖ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲಿಂದಲೂ ಅಷ್ಟಕ್ಕಷ್ಟೆ. ಗಂಡನ ರಜೆ ಮುಗಿದಿತ್ತು, ನರಸಾಪುರದಲ್ಲಿ ನೈಟ್ ಶಿಫ್ಟ್. ಟೀಚರಮ್ಮ ಸ್ವೆಟರ್ ಹಾಕಿಕೊಂಡು, ಫ್ಲಾಸ್ಕ್ ಹಿಡಿದುಕೊಂಡು ಒಂಬತ್ತಕ್ಕೇ ಬಂದರು. ಹತ್ತರ ಮೇಲೆ ನೋವು ಶುರುವಾಯಿತು. ಡಾಕ್ಟರಿಗೆ ಫೋನ್ ಮಾಡಿದೆವು. ಮಾತ್ರೆ ಹೇಳಿದರು, ಬೆಳಗ್ಗೆ ಬನ್ನಿ ಅಂದರು. ಬೆಳಗ್ಗೆ ಅನ್ನುವುದು ಅವತ್ತು ತುಂಬಾ ದೂರ ಇತ್ತು.

ಮೊದಲು ಕೀರ್ತನೆಗಳನ್ನು ಓದಿದರು. 91, ಆಮೇಲೆ 121. ಅಷ್ಟಾದರೂ ನಾನು ನರಳುತ್ತಲೇ ಇದ್ದೆ. "ಬೇರೆ ಏನಾದ್ರೂ ಓದಲೇನಮ್ಮ?" ಅಂತ ತಲೆದೆಸೆಯ ಬ್ಯಾಗಿಗೆ ಕೈ ಹಾಕಿದರು. ಮಗಳು ನನಗೆ ಹೇಳದೆ ಅದರಲ್ಲಿ ತನ್ನ ಪುಸ್ತಕ ಇಟ್ಟಿದ್ದಳು. ಅದು ಅದೇ ಪುಸ್ತಕ. ನಾನೇ ಅದನ್ನು ಅವಳಿಂದ ಕಿತ್ತು ಅಟ್ಟದ ಮೇಲೆ ಇಟ್ಟಿದ್ದೆ. ಯಾಕೆ ಅಂತ ಅವಳು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ, ಸುಮ್ನೆ ಬೈದಿದ್ದೆ. ಸ್ಟೂಲ್ ಹಾಕಿ ಹತ್ತಿ ಇಳಿಸಿಕೊಂಡಿದ್ದಾಳೆ, ಕಳ್ಳಿ.

ರೂಮಿನಲ್ಲಿ ಸದ್ದೇ ಇಲ್ಲ. ನನಗೆ ಅವರ ಮುಖ ಕಾಣುತ್ತಿಲ್ಲ. ಎದ್ದು ಹೋದರು, ನೀರು ಕುಡಿದರು, ಮತ್ತೆ ಬಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡರು.

"ಮೊದಲಿಂದ ಓದಲಾ?"

ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಓದುವುದು, ಕನ್ನಡದಲ್ಲಿ ಹೇಳುವುದು. ಬೈಬಲ್ ಓದುವ ರಾಗದಲ್ಲೇ ಓದಿದರು. ಕಥೆ ಮಧ್ಯೆ ಅವರದೇ ಜಗಳ ಬೇರೆ. "ಆಂಟ್ ಅಂದ್ರೆ ದೊಡ್ಡಮ್ಮನೋ ಚಿಕ್ಕಮ್ಮನೋ? ಈ ಇಂಗ್ಲಿಷ್‌ನೋರಿಗೆ ಅಷ್ಟೂ ಹೇಳಕ್ಕೆ ಬರಲ್ವಾ?" ದೊಡ್ಡಮ್ಮ ಅಂತ ಅವರೇ ತೀರ್ಮಾನ ಮಾಡಿ, ಅವಳಿಗೆ ಚೆನ್ನಾಗಿ ಬೈದರು. ಕಾಗದ ತರುವುದು ಗೂಬೆ ಅಂತ ಗೊತ್ತಾದಾಗ ಓದುವುದನ್ನೇ ನಿಲ್ಲಿಸಿದರು. ನಮ್ಮ ಕಡೆ ಗೂಬೆ ಮನೆ ಮೇಲೆ ಕೂತರೆ ಮನೆಯನ್ನೇ ಬಿಡುವವರಿದ್ದಾರೆ. ನೋವಿನಲ್ಲೂ ನಗು ಬಂತು. ನಕ್ಕರೆ ಇನ್ನೂ ಜಾಸ್ತಿ ನೋವು.

ಮೂರು ಗಂಟೆ ಹೊತ್ತಿಗೆ ಟೊಮೇಟೊ ಲಾರಿಗಳು ಮಾರ್ಕೆಟ್ ಕಡೆ ಹೋಗುವ ಸದ್ದು ಶುರುವಾಯಿತು. ಆಗ ಆ ಹುಡುಗ ಕೊನೆಗೂ ಪತ್ರ ಒಡೆದ. ಸ್ಕೂಲಿನಲ್ಲಿ ಸೀಟು ಸಿಕ್ಕಿದೆ ಅಂತ ಬರೆದಿತ್ತು. ಅಷ್ಟೇ! ಒಂದು ಅಡ್ಮಿಷನ್ ಲೆಟರಿಗಾಗಿ ನಾನು 23 ವರ್ಷ ಕಾದಿದ್ದೆ. ಅದೇ ಅಧ್ಯಾಯದಲ್ಲಿ ಅವನಿಗೆ ಇನ್ನೊಂದು ವಿಷಯವೂ ತಿಳಿಯುತ್ತದೆ. ಅಪ್ಪ ಅಮ್ಮ ಹೇಗೆ ಸತ್ತರು ಅಂತ ಮನೆಯವರು ಇಷ್ಟು ವರ್ಷ ಹೇಳಿದ್ದು ಸುಳ್ಳು.

ಅಲ್ಲಿ ನನಗೆ ತಡೆಯಲಿಲ್ಲ. ಯಾರಿಗೂ ಹೇಳದೇ ಇದ್ದದ್ದನ್ನು ದಿಂಬಿನ ಸಂದಿನಲ್ಲಿ ಹೇಳಿಬಿಟ್ಟೆ. ಪುಸ್ತಕ ಸಿಕ್ಕಿಬಿದ್ದ ಎರಡು ವರ್ಷಕ್ಕೆ ಅಮ್ಮ ಹೋದಳು. ನನಗೆ ಆಗ ಹದಿಮೂರು. ಬೇಡ ಅಂದದ್ದನ್ನು ಓದಿದೆ, ಕೈ ಎತ್ತಿ ದೇವರ ಮುಂದೆ ಸುಳ್ಳು ಹೇಳಿದೆ, ಅದಕ್ಕೇ ಅಮ್ಮ ಹೋದಳು ಅಂತ ಲೆಕ್ಕ ಹಾಕಿದ್ದೆ. ಈಗ ನಾನು ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಟೀಚರ್. ಆ ಒಂದು ಲೆಕ್ಕ ಮಾತ್ರ ಹಾಗೇ ಉಳಿದಿತ್ತು. ಕಣ್ಣು ಹೋಗುತ್ತೆ ಅಂದಾಗಲೂ ಮೊದಲು ನೆನಪಾದದ್ದು ಅದೇ.

ಕುರ್ಚಿ ಸರಿದ ಸದ್ದು. ನನ್ನ ಕತ್ತಿನ ಹಿಂದೆ ಅವರ ಕೈ. ತಣ್ಣಗಿತ್ತು, ವಿಕ್ಸ್ ವಾಸನೆ.

"ನಾನು ಅದನ್ನ ಓದಿರಲಿಲ್ಲ ಕಣೇ. ಯಾರೋ ಹೇಳಿದ್ರು, ನಾನು ನಿಮಗೆ ಹೇಳಿಬಿಟ್ಟೆ. ನಿಮ್ಮಮ್ಮಂಗೂ ನಾನೇ ಹೇಳಿದ್ದು."

ಅವರು ಅತ್ತರೋ ಇಲ್ಲವೋ ಗೊತ್ತಿಲ್ಲ. ಕೈ ಮಾತ್ರ ತೆಗೆಯಲಿಲ್ಲ. ಇನ್ನೊಂದು ಕೈಯಲ್ಲಿ ಪುಟ ತಿರುಗಿಸುವ ಸದ್ದು ಕೇಳಿಸಿತು. ನಾಲ್ಕೂವರೆ ತನಕ ಓದಿದರು. ಬೆಳಕಾದ ಮೇಲೆ ಫ್ಲಾಸ್ಕಿನ ಕಾಫಿಯನ್ನು ಸ್ಟ್ರಾ ಹಾಕಿ ಕುಡಿಸಿದರು. ಕಾರು ಬಂದು ಹಾರ್ನ್ ಹೊಡೆಯಿತು.

ಆಮೇಲಿನ ದಿನಗಳಲ್ಲಿ ದಿನಾ ಸಂಜೆ ಬಂದು ಆ ಪುಸ್ತಕ ಮುಗಿಸಿದರು. ಅಪ್ಪ ಅಮ್ಮ ಕಾಣಿಸುವ ಕನ್ನಡಿಯ ಅಧ್ಯಾಯದ ದಿನ ಇಬ್ಬರೂ ಹೆಚ್ಚು ಮಾತಾಡಲಿಲ್ಲ. "ಎರಡನೇದು ನೀನೇ ಓದ್ಕೋ, ಅದ್ರಲ್ಲಿ ಹಾವಿದೆಯಂತೆ" ಅಂತ ನಿಲ್ಲಿಸಿಬಿಟ್ಟರು. ಪೂರ್ತಿ ಒಪ್ಪಿಕೊಂಡಿದ್ದಾರೆ ಅಂತ ತಿಳಿಯಬೇಡಿ. ನನ್ನ ಮಗಳಿಗೆ ಈಗಲೂ ಹೇಳುವುದು ಒಂದೇ, "ಓದು, ಆದ್ರೆ ಪ್ರಾರ್ಥನೆ ಮಾಡಿ ಮಲಗು." ನಾನೂ ಭಾನುವಾರ ಚರ್ಚಿಗೆ ಹೋಗುವುದು ಬಿಟ್ಟಿಲ್ಲ, ಅವರ ಪಕ್ಕದಲ್ಲೇ ಕೂರುತ್ತೇನೆ.

ಕಣ್ಣು ತೆರೆದ ಮೇಲೆ ಮೊದಮೊದಲು ದಿನಕ್ಕೆ ಎರಡೇ ಪುಟ. ಆಮೇಲೆ ಹತ್ತು, ಇಪ್ಪತ್ತು. ಹಾಗೇ ಏಳನೆಯದಕ್ಕೆ ಬಂದೆ. ಅದರಲ್ಲಿ ಕ್ರಿಸ್ಮಸ್ ಹಿಂದಿನ ರಾತ್ರಿ ಆ ಹುಡುಗ ಅಪ್ಪ ಅಮ್ಮನ ಸಮಾಧಿ ಹುಡುಕಿಕೊಂಡು ಹೋಗುತ್ತಾನೆ. ಪಕ್ಕದ ಚರ್ಚಿನಲ್ಲಿ ಹಾಡು ಕೇಳಿಸುತ್ತಿರುತ್ತದೆ. ಅಲ್ಲಿ ಎರಡು ಕಲ್ಲುಗಳ ಮೇಲೆ ಎರಡು ಸಾಲು. ಓದಿದ ತಕ್ಷಣ ಕೂದಲು ನಿಂತಿತು. ಎರಡೂ ನನಗೆ ಬಾಯಿಪಾಠ. ಎರಡೂ ಬೈಬಲಿನವು. ಒಂದು ಮತ್ತಾಯ 6:21, ಇನ್ನೊಂದು ಒಂದನೇ ಕೊರಿಂಥ 15:26, ಕೊನೆಗೆ ನಾಶವಾಗುವ ಶತ್ರು ಸಾವು ಅನ್ನುವುದು.

ರಾತ್ರಿ ಹತ್ತೂವರೆ. ಆದರೂ ಟೀಚರಮ್ಮನಿಗೆ ಫೋನ್ ಮಾಡಿದೆ. ಮತ್ತಾಯ ಆರು, ಇಪ್ಪತ್ತೊಂದು ಅಂದೆ. ನಿದ್ದೆಗಣ್ಣಲ್ಲೇ ನಿನ್ನ ಗಂಟು ಇದ್ದಲ್ಲೇ ನಿನ್ನ ಮನಸ್ಸೂ ಅಂತ ಹೇಳಿ, "ಯಾಕೆ, ಏನಾಯ್ತು?" ಅಂತ ಗಾಬರಿಯಾದರು. ವಿಷಯ ಹೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅದು ಬೈಬಲ್ ವಚನ ಅಂತ ಆ ಹುಡುಗನಿಗೆ ಗೊತ್ತಾಯ್ತಾ?"

"ಇಲ್ಲ ಟೀಚರಮ್ಮ. ಅವನಿಗೆ ಅರ್ಥನೇ ಆಗಲ್ಲ."

"ಪಾಪ" ಅಂದರು. "ಸಂಡೇ ಸ್ಕೂಲಿಗೆ ಕಳಿಸಬೇಕಿತ್ತು ಅವನನ್ನ."